17 ನಂಬರಿನ ಬೋಲ್ಟು

ಗೌರಿ ಹಬ್ಬದ ಹಿಂದಿನ ದಿನ. ಬೆಳಿಗ್ಗೆ ಬೆಂಗಳೂರು ಬಸ್ಸಿಳಿದು ಮನೆ ಹತ್ತಿರ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಅಪ್ಪನ ಮಾರುತಿ 800. ಅದು ಶೆಡ್ಡಿನಲ್ಲಿರಲಿಲ್ಲ. ಮನೆ ಎದುರಿನ ಇಳಿಜಾರಿನ ಮೇಲ್ತುದಿಯಲ್ಲಿ, ರಸ್ತೆ ಕಡೆಗೆ ಮೂತಿ ಮಾಡಿಕೊಂಡು ಮಳೆಯಲ್ಲಿ ನೆನೆಯುತ್ತಿತ್ತು. ಮುಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟಿತ್ತು.

"ಯಾಕಪ್ಪಾ ಇಲ್ಲಿ ನಿಲ್ಸಿದೀಯ?" ಅಂದೆ.

"ಸುಮ್ನೆ. ಶೆಡ್ಡಲ್ಲಿ ಗೊಬ್ಬರದ ಚೀಲ ಇದೆ" ಅಂದ.

ಶೆಡ್ಡಿಗೆ ಹೋಗಿ ನೋಡಿದರೆ ಇದ್ದದ್ದು ಎರಡು ಚೀಲ. ಅವೂ ಮೂಲೆಯಲ್ಲಿ. ವಿಷಯ ಹೊರಗೆ ಬಂದದ್ದು ಅಡುಗೆಮನೆಯಲ್ಲಿ. "ಸೆಲ್ಫ್ ಹೊಡೆಯಲ್ಲ ಮಾರಾಯ, ಮೂರು ವಾರ ಆಯ್ತು" ಅಂದಳು ಅಮ್ಮ. "ಇಳಿಜಾರಲ್ಲಿ ಬಿಟ್ಟು ಸ್ಟಾರ್ಟ್ ಮಾಡ್ತಾರೆ. ಪೇಟೆಗೆ ಹೋದ್ರೆ ಎಂಜಿನ್ ಆಫ್ ಮಾಡದೆ ನನ್ನನ್ನ ಒಳಗೆ ಕೂರ್ಸಿ ಸಾಮಾನು ತರ್ತಾರೆ. ಚಕ್ರಕ್ಕೆ ಕೊಟ್ಟ ಕಲ್ಲು ಇದೆಯಲ್ಲ, ಅದು ನನ್ನ ಬಚ್ಚಲ ಒಲೆದು!"

ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಇಳಿಜಾರು ಹೋಗಿ ಸೇರುವುದು ಬಸ್ಸು ಓಡಾಡುವ ರಸ್ತೆಗೆ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಅಪ್ಪನಿಗೆ 68 ವರ್ಷ. ಹೊರಗೆ ನಿಂತು ಬಾಗಿ ಕಲ್ಲು ತೆಗೆಯಬೇಕು, ಓಡಿ ಬಂದು ಸೀಟಿನಲ್ಲಿ ಕೂರಬೇಕು, ಬ್ರೇಕ್ ಬಿಟ್ಟು ಎರಡನೇ ಗೇರಿನಲ್ಲಿ ಕ್ಲಚ್ ಬಿಡಬೇಕು. ಇದನ್ನು ಮೂರು ವಾರ ಮಾಡಿದ್ದಾನೆ, ಫೋನಿನಲ್ಲಿ ಒಂದು ಮಾತೂ ಹೇಳಿಲ್ಲ. ಹಬ್ಬ ನಾಳೆ ಇರಲಿ, ಇವತ್ತು ಈ ಕೆಲಸ ಮುಗಿಯಲೇಬೇಕು ಅಂತ ತೀರ್ಮಾನ ಮಾಡಿದೆ.

ಸ್ಟಾರ್ಟರ್ ಮೋಟಾರಿಗೆ ನಮ್ಮ ಕಡೆ ಎಲ್ಲರೂ ಸೆಲ್ಫ್ ಅಂತಲೇ ಹೇಳುವುದು. ಸೆಲ್ಫ್ ಸ್ಟಾರ್ಟರ್ ಅನ್ನುವುದರಲ್ಲಿ ಅರ್ಧ ಮಾತ್ರ ಉಳಿದುಕೊಂಡಿದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮಾಡಿದ ಕರೆಂಟಿನ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅದಕ್ಕೂ ಮುಂಚೆ ಮುಂದೆ ನಿಂತು ಹ್ಯಾಂಡಲ್ ಸುತ್ತಬೇಕಿತ್ತು. ನಾನು ಚಿಕ್ಕವನಿದ್ದಾಗ ದೊಡ್ಡಪ್ಪನ ಹಳೇ ಜೀಪಿಗೂ ಹ್ಯಾಂಡಲ್ ಇತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೋ, ಸುತ್ತು ಹಾಕಿ ಹಿಡಿಯಬೇಡ ಅಂತ ದೊಡ್ಡಪ್ಪ ಹೇಳಿಕೊಟ್ಟಿದ್ದ. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈ ಮುರಿಯುತ್ತಿತ್ತು. ಅಪ್ಪನ ತಲೆಮಾರು ಅದನ್ನೆಲ್ಲ ನೋಡಿದ್ದು. ಇಳಿಜಾರಿನಲ್ಲಿ ಬಿಡುವುದು ಅವನಿಗೆ ಅಪಾಯ ಅನ್ನಿಸದಿದ್ದದ್ದು ಅದಕ್ಕೇ ಇರಬೇಕು.

ಮೊದಲು ಮಲ್ಟಿಮೀಟರ್ ತಂದೆ. ಬ್ಯಾಟರಿ 12.5 ವೋಲ್ಟ್ ತೋರಿಸಿತು, ಅಂದರೆ ಚೆನ್ನಾಗಿದೆ. ಟರ್ಮಿನಲ್ ಮೇಲೆ ಕೂತಿದ್ದ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆದು ಗಟ್ಟಿ ಮಾಡಿದೆ. ಆಮೇಲೆ ಅಪ್ಪನಿಗೆ ಕೀ ತಿರುಗಿಸಲು ಹೇಳಿದೆ. "ಟಕ್" ಅಂತ ಒಂದೇ ಸದ್ದು. ಮೀಟರ್ 12.2ರಲ್ಲೇ ನಿಂತಿತು. ಇಲ್ಲೇ ಉತ್ತರ ಸಿಕ್ಕಿಬಿಡುತ್ತದೆ. ಸೆಲ್ಫ್ ನಿಜವಾಗಿ ಎಂಜಿನ್ ತಿರುಗಿಸುವಾಗ ನೂರು ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ, ವೋಲ್ಟ್ 10-11ಕ್ಕೆ ಇಳಿಯಬೇಕು. ಇಳಿಯಲಿಲ್ಲ ಅಂದರೆ ಮೋಟಾರಿನೊಳಗೆ ಕರೆಂಟ್ ಹರಿಯುತ್ತಲೇ ಇಲ್ಲ. ಮೋಟಾರಿನ ಮೈ ಮೇಲೆ ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ "ಈಗ ತಿರುಗ್ಸು" ಅಂದೆ. ಎಂಜಿನ್ ಹೊಡೆದುಕೊಂಡಿತು. ತಟ್ಟಿದರೆ ತಿರುಗುತ್ತದೆ ಅಂದರೆ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ಷು ಸವೆದಿದೆ, ಇಲ್ಲವೇ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡಿನ ತಾಮ್ರದ ಕಾಂಟ್ಯಾಕ್ಟು. ಅಪ್ಪನ ಮುಖ ಅರಳಿತು. "ಹೀಗೆ ತಟ್ಟಿದ್ರೆ ಸಾಕಲ್ಲ?" ಅಂದ. ಸಾಕಾಗಲ್ಲ ಅಂದೆ.

ಕಾರನ್ನು ಅಡಿಕೆ ಒಣಗಿಸುವ ಅಂಗಳಕ್ಕೆ ತಂದೆವು. ಇಳಿಜಾರಿನಲ್ಲಿ ಜಾಕ್ ಹಾಕುವ ಮಾತೇ ಇಲ್ಲ. ಸಮನೆಲದಲ್ಲೂ ಬರೀ ಜಾಕನ್ನು ನಂಬಿ ಕಾರಿನ ಅಡಿಗೆ ಹೋಗಬಾರದು. ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂದೆ ಎತ್ತಿ, ದಪ್ಪನೆಯ ಹಲಸಿನ ದಿಮ್ಮಿಗಳ ಮೇಲೆ ಕೂರಿಸಿದೆವು. ಮೊದಲು ಬಿಚ್ಚಿದ್ದು ಬ್ಯಾಟರಿಯ ನೆಗೆಟಿವ್. ಸೆಲ್ಫಿಗೆ ಹೋಗುವ ದಪ್ಪ ಕೇಬಲ್ ಬ್ಯಾಟರಿಯಿಂದ ನೇರವಾಗಿ ಬರುತ್ತದೆ, ನಡುವೆ ಫ್ಯೂಸ್ ಇಲ್ಲ. ಅಲ್ಲಿ ಸ್ಪ್ಯಾನರ್ ಜಾರಿ ಕಾರಿನ ಬಾಡಿಗೆ ತಾಗಿದರೆ ಕಿಡಿಯಲ್ಲ, ಬೆಂಕಿಯೇ. ಜಾಗ ಸಿಗಲಿ ಅಂತ ಬ್ಯಾಟರಿಯನ್ನೂ ಏರ್ ಫಿಲ್ಟರಿನ ಡಬ್ಬವನ್ನೂ ತೆಗೆದಿಟ್ಟೆ.

ಸೆಲ್ಫನ್ನು ಗೇರ್ ಬಾಕ್ಸಿಗೆ ಹಿಡಿದಿಡುವುದು ಎರಡು ಬೋಲ್ಟು. ಮೇಲಿನದು 14 ನಂಬರ್ ಸ್ಪ್ಯಾನರಿಗೆ ಸಲೀಸಾಗಿ ಬಂತು. ಕೆಳಗಿನದಕ್ಕೆ 14 ಕೂರಲೇ ಇಲ್ಲ. ಟಾರ್ಚ್ ಬಿಟ್ಟು ನೋಡಿದೆ. ಅದರ ತಲೆ 17 ನಂಬರಿನದು! ಆಗಲೇ ನನ್ನ ಎದೆ ಹೊಡೆದುಕೊಂಡಿತು. ಎರಡೂ 10 ಎಂಎಂ ದಪ್ಪದ ಬೋಲ್ಟುಗಳೇ. ಆದರೆ ಜಪಾನಿ ಮೂಲದ ಗಾಡಿಗಳಲ್ಲಿ 10 ಎಂಎಂ ಬೋಲ್ಟಿಗೆ 14 ನಂಬರಿನ ತಲೆ, 1.25ರ ಪಿಚ್ಚು ಇರುತ್ತದೆ. ಪಿಚ್ಚು ಅಂದರೆ ತಿರುಪಿನ ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ಅಂತರ, ಎಂಎಂ ಲೆಕ್ಕದಲ್ಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಸಿಗುವ 10 ಎಂಎಂ ಬೋಲ್ಟಿನ ತಲೆ ಸಾಮಾನ್ಯವಾಗಿ 17, ಪಿಚ್ಚು 1.5. ನೋಡಲು ಅಣ್ಣತಮ್ಮಂದಿರ ಹಾಗೆ. ಆದರೆ ಒಂದರ ಮರೆಗೆ, ಅಂದರೆ ತಿರುಪಿನ ಸುತ್ತಿಗೆ, ಇನ್ನೊಂದು ಕೂರುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ಉಕ್ಕಿನ ಬೋಲ್ಟು ಗೆಲ್ಲುತ್ತದೆ, ಅಲ್ಯೂಮಿನಿಯಂ ಗೇರ್ ಬಾಕ್ಸು ಸೋಲುತ್ತದೆ.

ನಾಲ್ಕು ಸುತ್ತು ಕಿರುಗುಟ್ಟುತ್ತಾ ಬಂತು. ಆಮೇಲೆ ಒಮ್ಮೆಲೇ ಹಗುರಾಗಿ ಕೈಗೇ ಬಂದುಬಿಟ್ಟಿತು. ಬೋಲ್ಟಿನ ಮರೆಗಳ ಸಂದಿಯಲ್ಲಿ ಬೆಳ್ಳಿ ತಂತಿಯ ಹಾಗೆ ಹೊಳೆಯುವ ಸುರುಳಿ ಸುತ್ತಿಕೊಂಡಿತ್ತು. ಗೇರ್ ಬಾಕ್ಸಿನ ಮರೆಯೇ ಕಿತ್ತು ಬಂದಿತ್ತು. ಎರಡು ವರ್ಷದ ಹಿಂದೆ ಕ್ಲಚ್ ಪ್ಲೇಟ್ ಹಾಕಿಸಿದಾಗ ಸೆಲ್ಫ್ ಬಿಚ್ಚಿರಲೇಬೇಕು. ಆಗ ಸರಿಯಾದ ಬೋಲ್ಟು ಕಳೆದುಹೋಗಿ, ಕೈಗೆ ಸಿಕ್ಕಿದ್ದನ್ನು ಯಾರೋ ತುರುಕಿದ್ದಾರೆ. ಹತ್ತು ರೂಪಾಯಿಯ ಬೋಲ್ಟಿಗಾಗಿ ಹೀಗೆ ಮಾಡಬಾರದಿತ್ತು. ಈಗಲೂ ನೆನೆದರೆ ಸಿಟ್ಟು ಬರುತ್ತದೆ.

ಹಳೇ ಸೆಲ್ಫ್ ಹಿಡಿದುಕೊಂಡು, ಬೋಲ್ಟು ಜೇಬಿಗೆ ಹಾಕಿಕೊಂಡು ಪೇಟೆಗೆ ಹೋದೆ. ಆಟೋ ಎಲೆಕ್ಟ್ರಿಷಿಯನ್ ಅದನ್ನು ಬಿಚ್ಚಿದರು. ಒಂದು ಬ್ರಷ್ಷು ಸವೆದು ತುಂಡಾಗಿ ಉಳಿದಿತ್ತು. ಬರೀ ಅಷ್ಟೇ ಆಗಿದ್ದರೆ ಬ್ರಷ್ ಹಾಕಿಸಿಯೇ ಬರುತ್ತಿದ್ದೆ, ಅಪ್ಪನ ಆಸೆಯೂ ಅದೇ. ಆದರೆ ತಿರುಗುವ ಕಂಬಿಯನ್ನು ಹಿಡಿದಿಡುವ ಬುಶ್ ಸವೆದು, ಒಳಗೆ ತಿರುಗುವ ಆರ್ಮೇಚರ್ ಒಳಗೋಡೆಗೆ ಉಜ್ಜಿತ್ತು, ಬ್ರಷ್ಷು ತಾಗುವ ಕಮ್ಯುಟೇಟರಿನಲ್ಲಿ ಬೆರಳಿಗೆ ಸಿಗುವಷ್ಟು ಗೀರು ಬಿದ್ದಿತ್ತು. ಹೊಸದಕ್ಕೆ 3,500 ರೂಪಾಯಿ ಕೊಟ್ಟೆ. ಕೆಳಗಿನ ಬೋಲ್ಟು ಸಡಿಲವಾಗಿ ಮೋಟಾರು ಓರೆಯಾಗಿ ಕೂತಿದ್ದರಿಂದಲೇ ಬುಶ್ ಬೇಗ ಹೋಗಿದೆ ಅಂತ ನನ್ನ ಅಂದಾಜು.

ಅಲ್ಲಿಂದ ಲೇತ್ ಅಂಗಡಿಯ ಆಚಾರ್ರ ಹತ್ತಿರ ಹೋದೆ. ಟಿಲ್ಲರು, ಪಂಪು, ಅಡಿಕೆ ಸುಲಿಯುವ ಮಷೀನು, ನಮ್ಮ ಊರಿನ ಎಲ್ಲ ಯಂತ್ರಗಳೂ ಒಂದಲ್ಲ ಒಂದು ದಿನ ಅವರ ಕೈಗೆ ಬರುತ್ತವೆ. ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿದರು. ಸುರುಳಿಯನ್ನು ಉಗುರಿನಿಂದ ಬಿಡಿಸಿ ನನ್ನ ಅಂಗೈಗೆ ಹಾಕಿದರು.

"ದೊಡ್ಡ ಬೋಲ್ಟಿಗೆ ಮರೆ ಹೊಡೀಬಹುದಾ?" ಅಂತ ಕೇಳಿದೆ.

"ಸೆಲ್ಫಿನ ತೂತು ದೊಡ್ಡದು ಮಾಡ್ಬೇಕಾಗ್ತದೆ ತಮ್ಮಾ. ಮುಂದೆ ಬೇರೆ ಸೆಲ್ಫ್ ಹಾಕುವಾಗ ಮತ್ತೆ ಅದೇ ಕಥೆ. ಹೆಲಿಕಾಯಿಲ್ ಹಾಕುವ. ಮೊದಲಿದ್ದದ್ದಕ್ಕಿಂತ ಗಟ್ಟಿ ಆಗ್ತದೆ. ನಾನೇ ಬರ್ತೇನೆ, ನಡಿ."

ಹಬ್ಬದ ಹಿಂದಿನ ದಿನ, ಅಂಗಡಿ ತುಂಬ ಜನ. ಆದರೂ ಮಗನಿಗೆ ಅಂಗಡಿ ಬಿಟ್ಟುಕೊಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಜೊತೆ ಬಂದರು.

ಆಚಾರ್ರು ಮೊದಲು ಮಾಡಿದ ಕೆಲಸ ನನಗೆ ಹೊಳೆದೇ ಇರಲಿಲ್ಲ. ಸೆಲ್ಫ್ ತೆಗೆದ ಕಂಡಿಯಲ್ಲಿ ಟಾರ್ಚ್ ಬಿಟ್ಟು, ಕಾರನ್ನು ಟಾಪ್ ಗೇರಿಗೆ ಹಾಕಿಸಿ, ಎತ್ತಿದ ಚಕ್ರಗಳನ್ನು ನಾವಿಬ್ಬರೂ ಒಟ್ಟಿಗೆ ತಿರುಗಿಸುವಂತೆ ಹೇಳಿದರು. ಸೆಲ್ಫ್ ತಿರುಗಿಸುವ ಎಂಜಿನ್ನಿನ ದೊಡ್ಡ ಚಕ್ರ, ಅಂದರೆ ಫ್ಲೈವೀಲಿನ ಹಲ್ಲುಗಳು ಒಂದೊಂದಾಗಿ ಅವರ ಕಣ್ಣ ಮುಂದೆ ಹಾದುಹೋದವು. ಮೂರು ಸಿಲಿಂಡರಿನ ಎಂಜಿನ್ ಆಫ್ ಆದಾಗ ಹೆಚ್ಚಾಗಿ ಮೂರೇ ಜಾಗದಲ್ಲಿ ನಿಲ್ಲುತ್ತದೆ, ಹಾಗಾಗಿ ಸೆಲ್ಫಿನ ಪೆಟ್ಟು ಅಲ್ಲಿನ ಹಲ್ಲುಗಳಿಗೇ ಜಾಸ್ತಿ. ಮೂರು ಕಡೆಯೂ ಹಲ್ಲಿನ ಅಂಚು ಸ್ವಲ್ಪ ಮೊಂಡಾಗಿತ್ತು, ಮುರಿದಿರಲಿಲ್ಲ. "ಬದುಕಿದ್ರಿ" ಅಂದರು. ಆ ಕಂಡಿಗೆ ಬಟ್ಟೆ ತುರುಕಿ, ಅದಕ್ಕೊಂದು ಕೆಂಪು ದಾರ ಕಟ್ಟಿ, ದಾರದ ತುದಿಯನ್ನು ಕಾರಿನ ಕೀಗೆ ಕಟ್ಟುವಂತೆ ಅಪ್ಪನಿಗೆ ಕೊಟ್ಟರು. ಬಟ್ಟೆ ತೆಗೆಯದೆ ಕೀ ಸಿಗಬಾರದು, ಅಷ್ಟೇ.

ಹೆಲಿಕಾಯಿಲ್ ಕಿಟ್ಟಿನಲ್ಲಿ ಬಂದ ಡ್ರಿಲ್ ಬಿಟ್ಟಿನಿಂದ ತೂತನ್ನು ಸ್ವಲ್ಪವೇ ದೊಡ್ಡದು ಮಾಡಿದರು. ಡ್ರಿಲ್ ನೆಟ್ಟಗಿದೆಯಾ ಅಂತ ನಾನು ಪಕ್ಕದಿಂದ, ಅಪ್ಪ ಮೇಲಿನಿಂದ ನೋಡಿ ಹೇಳಬೇಕಿತ್ತು. ಆಮೇಲೆ ತೂತಿನೊಳಗೆ ಮರೆ ಕೊರೆಯುವ ಟ್ಯಾಪು. ಅದರ ಮರೆಗೆ ಗ್ರೀಸ್ ಮೆತ್ತಿದರು, ಕೊರೆದ ಪುಡಿ ಅಂಟಿಕೊಳ್ಳಲಿ ಅಂತ. ತೂತಿಗೆ ಎರಡು ಹನಿ ಸೀಮೆಎಣ್ಣೆ ಬಿಟ್ಟರು. ಶುರುವಿನಲ್ಲಿ ಟ್ಯಾಪಿಗೆ ಹಿಡಿಯನ್ನೇ ಹಾಕಲಿಲ್ಲ. ಎರಡು ಬೆರಳಲ್ಲಿ ಹಿಡಿದು, ಮೊದಲು ಹಿಮ್ಮುಖವಾಗಿ ತಿರುಗಿಸಿ, ಅದು ಕೂರುವ ಜಾಗ ಹುಡುಕಿದರು. ಕಣ್ಣು ಮುಚ್ಚಿಕೊಂಡಿದ್ದರು. ಕೂತ ಮೇಲೆ ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ. ಹಿಂದಕ್ಕೆ ಬಂದಾಗಲೆಲ್ಲ "ಚಿಟ್" ಅಂತ ಪುಡಿ ಮುರಿಯುವ ಸಣ್ಣ ಸದ್ದು. ಮಾಡಿನಿಂದ ನೀರು ಬೀಳುವ ಸದ್ದಿನ ನಡುವೆಯೂ ಅದು ಕೇಳುತ್ತಿತ್ತು. ಕಾಲು ಗಂಟೆ ನಾವು ಮೂವರೂ ಬೇರೆ ಮಾತಾಡಲಿಲ್ಲ.

ಹೆಲಿಕಾಯಿಲ್ ಅಂದರೆ ಸ್ಟೇನ್‌ಲೆಸ್ ಸ್ಟೀಲಿನ ತಂತಿಯ ಸ್ಪ್ರಿಂಗು. ತೂತಿಗಿಂತ ಒಂಚೂರು ದಪ್ಪ ಇರುತ್ತದೆ. ಅದರ ತುದಿಯ ಸಣ್ಣ ಕೊಕ್ಕೆಯನ್ನು ಟೂಲಿಗೆ ಸಿಕ್ಕಿಸಿ ತಿರುಗಿಸಿದರೆ ಕುಗ್ಗಿಕೊಂಡು ಒಳಗೆ ಹೋಗುತ್ತದೆ, ಬಿಟ್ಟ ತಕ್ಷಣ ಅಗಲವಾಗಿ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಮೇಲ್ಮೈಯಿಂದ ಅರ್ಧ ಸುತ್ತು ಒಳಗೆ ಹೋದಲ್ಲಿ ನಿಲ್ಲಿಸಿ, ಕೊಕ್ಕೆ ಮುರಿದರು. ಆ ಚೂರು ಒಳಗೇ ಉಳಿಯಿತು. ನಾನು ಮ್ಯಾಗ್ನೆಟ್ ತಂದೆ. "ಸ್ಟೇನ್‌ಲೆಸ್ಸಿಗೆ ಅದು ಹಿಡಿಯಲ್ಲ ತಮ್ಮಾ" ಅಂದು ಸ್ಕ್ರೂಡ್ರೈವರಿನ ತುದಿಗೆ ಗ್ರೀಸ್ ಹಚ್ಚಿ ಅಂಟಿಸಿ ತೆಗೆದರು.

ಕೂರಿಸುವ ಕೆಲಸ ನನಗೇ ಬಿಟ್ಟರು. ಮೋಟಾರು, ಗೇರ್ ಬಾಕ್ಸು ಕೂಡುವ ಜಾಗವನ್ನು ಮರಳು ಕಾಗದದಿಂದ ಉಜ್ಜಿದೆ. ಸೆಲ್ಫಿಗೆ ಅರ್ತ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಸಿಗುವುದು ಅದರ ಮೈಯಿಂದ, ಅಲ್ಲಿ ತುಕ್ಕಿದ್ದರೆ ಹೊಸ ಮೋಟಾರೂ ಸೋಮಾರಿಯಾಗುತ್ತದೆ. ಅಪ್ಪ ದಾರ ಎಳೆದು ಬಟ್ಟೆ ತೆಗೆದ. ಎರಡೂ 14 ನಂಬರಿನ ಬೋಲ್ಟು. ನಾನು ಸ್ಪ್ಯಾನರಿಗೆ ಕೈ ಹಾಕಿದಾಗ ಆಚಾರ್ರು ಅದನ್ನು ಆಚೆ ಸರಿಸಿದರು. "ಬೆರಳಲ್ಲಿ ಪೂರ್ತಿ ಹೋಗಬೇಕು. ಹೋಗದಿದ್ರೆ ತೆಗೆದು ಮತ್ತೆ ಹಾಕು." ಕೆಳಗಿನ ಬೋಲ್ಟು ಕಣ್ಣಿಗೆ ಕಾಣದ ಜಾಗ. ಹಿಮ್ಮುಖ ತಿರುಗಿಸಿದೆ, ಬೆರಳ ತುದಿಗೆ ಮೆತ್ತಗೆ ಒಂದು ಮೆಟ್ಟಿಲು ಇಳಿದ ಹಾಗಾಯಿತು. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಬೆಣ್ಣೆಯಲ್ಲಿ ಹೋದ ಹಾಗೆ ಕೊನೆವರೆಗೂ ಹೋಯಿತು. ಸಂತೋಷಕ್ಕೆ ನನಗೆ ಮಾತೇ ಬರಲಿಲ್ಲ. ಆಮೇಲೆ ಮೇಲಿನದು ಸ್ವಲ್ಪ, ಕೆಳಗಿನದು ಸ್ವಲ್ಪ ಅಂತ ಬಿಗಿದು ಮುಗಿಸಿದೆ. ಬ್ಯಾಟರಿಯ ನೆಗೆಟಿವನ್ನು ಕೊನೆಗೆ ಹಾಕಿದೆ.

ಅಪ್ಪ ಸೀಟಿನಲ್ಲಿ ಕೂತು ಕೀ ತಿರುಗಿಸಿದ. ಎಂಜಿನ್ ತಕ್ಷಣ ಹೊಡೆದುಕೊಂಡಿತು. ಆಫ್ ಮಾಡಿದ. ಮತ್ತೆ ತಿರುಗಿಸಿದ. ಹೀಗೆ ನಾಲ್ಕು ಸಲ. ಆಚಾರ್ರು ದುಡ್ಡು ತೆಗೆದುಕೊಂಡದ್ದು ಹೆಲಿಕಾಯಿಲಿನದು ಮಾತ್ರ. ಉಳಿದದ್ದು ಹಬ್ಬಕ್ಕೆ ಅಂದರು. ಅಮ್ಮ ಬಿಸಿ ಕಡುಬು ಕಟ್ಟಿಕೊಟ್ಟಳು, ಅಪ್ಪ ಅವರನ್ನು ಅದೇ ಕಾರಿನಲ್ಲಿ ಪೇಟೆಗೆ ಬಿಟ್ಟು ಬಂದ.

ಬರುವಾಗ ಕತ್ತಲಾಗಿತ್ತು. ಕಾರು ಇಳಿಜಾರು ಹತ್ತಿ ಬಂದು, ಮೇಲ್ತುದಿಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಮುಂದೆ ಹೋಗಿ ಶೆಡ್ಡಿನೊಳಗೆ ನಿಂತು ಆಫ್ ಆಯಿತು. ಅಮ್ಮ ಕೊಡೆ ಬಿಡಿಸಿಕೊಂಡು ಅಂಗಳಕ್ಕಿಳಿದಳು. ಇಳಿಜಾರಿನ ತುದಿಯಲ್ಲಿದ್ದ ಕಲ್ಲನ್ನು ಸೊಂಟಕ್ಕೆ ಆನಿಸಿಕೊಂಡು ಬಚ್ಚಲ ಕಡೆ ನಡೆದಳು.