ಬೆಟ್ಟದ ಮೇಲೊಂದು ರಾತ್ರಿ: ಕ್ಯಾಮೆರಾದಲ್ಲಿ ‘30’ ಮಿನುಗಿದಾಗ

ಮಧ್ಯಾಹ್ನ ಬೆಟ್ಟ ಹತ್ತಿ, ರಾತ್ರಿಯಿಡೀ ಮೇಲೆ ಉಳಿದು, ಸೂರ್ಯ ಹುಟ್ಟಿದ ಮೇಲೆ ಇಳಿಯುವ ಪ್ರವಾಸಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಎರಡು ಸಲವೂ ಹೋಗಿದ್ದು ಫೋಟೋ ತೆಗೆಯೋಕೆ. ಮೊದಲ ಸಲ ತಂದ ರಾತ್ರಿಯ ಚಿತ್ರಗಳಲ್ಲಿ ಒಂದೂ ಉಳಿಯಲಿಲ್ಲ. ಎರಡನೇ ಸಲ ಹೋದದ್ದು ಅದೇ ಕ್ಯಾಮೆರಾ, ಅದೇ ಲೆನ್ಸ್ ಹಿಡಿದುಕೊಂಡು. ಚಿತ್ರಗಳು ಮಾತ್ರ ಚೆನ್ನಾಗಿ ಬಂದವು. ನಡುವೆ ನಾನು ಕಲಿತದ್ದು ಒಂದೇ ವಿಷಯ. ಕತ್ತಲಾದ ಮೇಲೆ ಕ್ಯಾಮೆರಾ ಏನೇನೋ ಮಿನುಗಿಸುತ್ತದಲ್ಲ, ಅದು ಏನು ಹೇಳ್ತಿದೆ ಅಂತ ಓದುವುದು. ಇಂಥ ಪ್ರವಾಸಕ್ಕೆ ಹೊರಟವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಎರಡನೇ ಸಲ ತಂಗಿಯೂ ಬಂದಿದ್ದಳು. ದಾರಿಯ ಅರ್ಧದಲ್ಲಿ ಒಂದು ಗುಹೆ. ಹೊರಗೆ ಬಿಸಿಲು, ಒಳಗೆ ಮಬ್ಬು. ಅವಳು ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ನೋಡಿದವಳೇ ಕರೆದಳು.

‘ಅಣ್ಣಾ, ಇಲ್ಲಿ 30 ಅಂತ ಮಿನುಗ್ತಾ ಇದೆ. ಏನಾದ್ರೂ ಕೆಟ್ಟುಹೋಯ್ತಾ?’

ಏನೂ ಕೆಟ್ಟಿರಲಿಲ್ಲ. ಅವಳು ಅಪರ್ಚರ್ ಪ್ರಯಾರಿಟಿ ಅನ್ನುವ ಮೋಡ್‌ನಲ್ಲಿದ್ದಳು. ಬಿಸಿಲಿನಲ್ಲಿ ಇಟ್ಟಿದ್ದ ಎಫ್ 8 (ಲೆನ್ಸಿನ ತೆರಪಿನ ಅಂಕಿ, ಅದು ಚಿಕ್ಕದಾದಷ್ಟೂ ತೆರಪು ದೊಡ್ಡದು), ಐಎಸ್‌ಒ 100 (ಚಿತ್ರವನ್ನು ಎಷ್ಟು ಬೆಳಗಿಸಬೇಕು ಅನ್ನುವ ಅಂಕಿ) ಹಾಗೇ ಉಳಿದಿತ್ತು. ಈ ಮೋಡ್‌ನಲ್ಲಿ ಅಪರ್ಚರ್, ಅಂದರೆ ಲೆನ್ಸಿನ ತೆರಪು, ನಮ್ಮ ಆಯ್ಕೆ; ಶಟರ್ ಸ್ಪೀಡ್, ಅಂದರೆ ಬೆಳಕನ್ನು ಒಳಗೆ ಬಿಡುವ ಸಮಯ, ಕ್ಯಾಮೆರಾದ್ದು. ಬೆಳಕು ಕಡಿಮೆಯಾದ ಹಾಗೆ ಅದು ಸಮಯವನ್ನು ಉದ್ದ ಮಾಡುತ್ತಾ ಹೋಗುತ್ತದೆ. ಬಹುತೇಕ ಕ್ಯಾಮೆರಾಗಳು ತಾವಾಗಿಯೇ 30 ಸೆಕೆಂಡ್‌ಗಿಂತ ಉದ್ದಕ್ಕೆ ಹೋಗುವುದಿಲ್ಲ. ಅಲ್ಲಿಗೂ ಬೆಳಕು ಸಾಲದಿದ್ದರೆ ಆ ಅಂಕಿಯನ್ನೇ ಮಿನುಗಿಸುತ್ತವೆ. ‘ನನ್ನ ಕೈಲಿ ಇಷ್ಟೇ ಆಗೋದು, ಉಳಿದದ್ದನ್ನು ನೀನು ನೋಡಿಕೋ’ ಅಂತ ಅದರ ಅರ್ಥ.

ಅವಳು ಎಫ್ 2.8ಕ್ಕೆ ತಿರುಗಿಸಿದಳು. ಎಫ್ 8ರಿಂದ 2.8ಕ್ಕೆ ಬಂದರೆ ಮೂರು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು), ಅಂದರೆ ಎಂಟು ಪಟ್ಟು ಜಾಸ್ತಿ ಬೆಳಕು. ಮಿನುಗುವುದು ನಿಂತು 15 ಸೆಕೆಂಡ್ ಅಂತ ತೋರಿಸಿತು. ಐಎಸ್‌ಒ 400 ಮಾಡಿದಾಗ 4 ಸೆಕೆಂಡ್‌ಗೆ ಇಳಿಯಿತು.

ಮೋಡ್ ಬದಲಾದರೆ ಮಿನುಗುವ ಅಂಕಿಯೂ ಬದಲಾಗುತ್ತದೆ. ಶಟರ್ ಸ್ಪೀಡನ್ನು ನೀವು ಹಿಡಿದಿಟ್ಟಿದ್ದರೆ, ಲೆನ್ಸ್ ಎಷ್ಟು ತೆರೆಯಬಹುದೋ ಅಷ್ಟು ತೆರೆದು ಆ ಎಫ್ ಅಂಕಿ ಮಿನುಗುತ್ತದೆ. ಎರಡನ್ನೂ ಕ್ಯಾಮೆರಾವೇ ಆರಿಸುವ ಪ್ರೋಗ್ರಾಂ ಮೋಡ್‌ನಲ್ಲಿ ಎರಡೂ ಅಂಕಿ ಮಿನುಗಬಹುದು. ಹಲವು ನಿಕಾನ್ ಕ್ಯಾಮೆರಾಗಳಲ್ಲಿ ಅಂಕಿಯ ಜಾಗದಲ್ಲಿ ‘ಲೋ’ ಅಂತ ಬರುತ್ತಿತ್ತು. ಎರಡನ್ನೂ ನಾವೇ ಇಡುವ ಮ್ಯಾನ್ಯುಯಲ್‌ನಲ್ಲಿ ಬೆಳಕಿನ ಸ್ಕೇಲ್ ಮೇಲಿನ ಗುರುತು ಮೈನಸ್ ತುದಿಗೆ ಹೋಗಿ ಅಂಟಿಕೊಳ್ಳುತ್ತದೆ. ನಿಮ್ಮದರಲ್ಲಿ ಯಾವುದು ಅಂತ ಮನೆಯಲ್ಲೇ ನೋಡಿಕೊಳ್ಳಿ. ಲೆನ್ಸ್‌ಗೆ ಮುಚ್ಚಳ ಹಾಕಿ ಪ್ರತಿ ಮೋಡ್‌ಗೂ ಒಮ್ಮೆ ತಿರುಗಿಸಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಅದೇ ಗುಹೆಯಲ್ಲಿ ಇನ್ನೊಂದು ಪಾಠ ಸಿಕ್ಕಿತು. ಬಾಯಿಯ ಕಡೆ ತಿರುಗಿ ಹೊರಗಿನ ಬೆಳಕೂ ಸೇರುವ ಹಾಗೆ ತೆಗೆದರೆ ಯಾವ ಎಚ್ಚರಿಕೆಯೂ ಬರಲಿಲ್ಲ. ಚಿತ್ರದಲ್ಲಿ ಗುಹೆ ಮಾತ್ರ ಕಪ್ಪೋ ಕಪ್ಪು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ನೋಡಿದ್ದು ಇಡೀ ಚೌಕಟ್ಟಿನ ಸರಾಸರಿಯನ್ನು, ಅದರ ಲೆಕ್ಕಕ್ಕೆ ಬೆಳಕು ಧಾರಾಳವಾಗಿತ್ತು. ಹಾಗಾಗಿ ಮೀಟರ್ ಸುಮ್ನೆ ಇದೆ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ಇಂಥ ಕಡೆ ಒಂದು ಚಿಕ್ಕ ಜಾಗವನ್ನು ಮಾತ್ರ ಅಳೆಯುವ ಸ್ಪಾಟ್ ಮೀಟರಿಂಗ್‌ಗೆ ಹೋಗಿ ಕಲ್ಲಿನ ಗೋಡೆಯನ್ನೇ ಅಳೆಯಿರಿ.

ಮೇಲೆ ತಲುಪಿದಾಗ ಸೂರ್ಯ ಮುಳುಗುವುದರಲ್ಲಿದ್ದ. ಈ ಹೊತ್ತು ಬಹಳ ಚಂದ, ಬಹಳ ಮೋಸ ಕೂಡ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗೆ ಇಳಿಯುವವರೆಗೂ ಆಕಾಶದಲ್ಲಿ ಅದರ ಬೆಳಕು ಒಂದಿಷ್ಟು ಉಳಿದಿರುತ್ತದೆ, ಆದರೆ ನಿಮಿಷ ನಿಮಿಷಕ್ಕೂ ಕರಗುತ್ತಿರುತ್ತದೆ. ನಮ್ಮ ಕಣ್ಣು ಅದಕ್ಕೆ ಹೊಂದಿಕೊಂಡುಬಿಡುವುದರಿಂದ ಎಷ್ಟು ಕಡಿಮೆಯಾಯಿತು ಅಂತ ತಿಳಿಯುವುದೇ ಇಲ್ಲ. ಐದು ನಿಮಿಷದ ಹಿಂದಿನ ಲೆಕ್ಕವನ್ನು ನಂಬಬೇಡಿ, ಪ್ರತಿ ಚಿತ್ರಕ್ಕೂ ಮತ್ತೆ ಅಳೆಯಿರಿ. ಮತ್ತೆ ಒಂದು ಮಾತು: ಮೀಟರ್ ಎದುರಿಗಿರುವುದನ್ನೆಲ್ಲ ನಡು ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಮುಸ್ಸಂಜೆಯನ್ನು ಅದರ ಪಾಡಿಗೆ ಬಿಟ್ಟರೆ ಹಗಲಿನ ಹಾಗೆ ಬೆಳ್ಳಗೆ ಮಾಡಿಕೊಡುತ್ತದೆ. ಕತ್ತಲು ಕತ್ತಲಾಗಿಯೇ ಕಾಣಬೇಕು ಅಂದರೆ ಮೈನಸ್ 1ರಿಂದ ಮೈನಸ್ 2ರವರೆಗೆ ಕಾಂಪೆನ್ಸೇಷನ್ (ಮೀಟರಿನ ಲೆಕ್ಕಕ್ಕೆ ನಾವು ಕೊಡುವ ತಿದ್ದುಪಡಿ) ಕೊಡಬೇಕು.

ಇಲ್ಲಿಂದ ಮುಂದಿನದೇ ನನ್ನ ಮೊದಲ ಪ್ರವಾಸವನ್ನು ಹಾಳು ಮಾಡಿದ್ದು.

ಪೂರ್ತಿ ಕತ್ತಲಾದ ಮೇಲೆ ಎರಡನೇ ಥರದ ಎಚ್ಚರಿಕೆ ಶುರುವಾಗುತ್ತದೆ. ಗುಹೆಯಲ್ಲಿ ಕ್ಯಾಮೆರಾಗೆ ಎಷ್ಟು ಬೆಳಕಿದೆ ಅಂತ ಗೊತ್ತಿತ್ತು, ಅದಕ್ಕೆ ತಕ್ಕ ಸಮಯ ಇಡಲು ಆಗಲಿಲ್ಲ ಅಷ್ಟೆ. ರಾತ್ರಿಯಲ್ಲಿ ಅಳೆಯುವುದೇ ಅದಕ್ಕೆ ಆಗುವುದಿಲ್ಲ. ಪ್ರತಿ ಮೀಟರಿಗೂ ಒಂದು ತಳ ಇರುತ್ತದೆ. ಕೈಪಿಡಿಯ ಕೊನೆಯ ಪುಟಗಳಲ್ಲಿ ‘ಮೀಟರಿಂಗ್ ರೇಂಜ್’ ಅಂತ ಹುಡುಕಿ. ಅದನ್ನು ಇವಿ ಅನ್ನುವ ಬೆಳಕಿನ ಅಳತೆಯಲ್ಲಿ ಕೊಟ್ಟಿರುತ್ತಾರೆ, ಒಂದು ಇವಿ ಅಂದರೆ ಒಂದು ಸ್ಟಾಪ್. ಹಳೆಯ ಕ್ಯಾಮೆರಾಗಳಲ್ಲಿ ಅದು ಇವಿ 0 ಅಥವಾ 1ರಿಂದ ಶುರುವಾಗುತ್ತದೆ, ಹೊಸ ಹಲವು ಕ್ಯಾಮೆರಾಗಳಲ್ಲಿ ಮೈನಸ್ 3ರಿಂದ. ಇವಿ 0 ಅಂದರೆ ಐಎಸ್‌ಒ 100, ಎಫ್ 2.8ರಲ್ಲಿ ಸುಮಾರು 8 ಸೆಕೆಂಡ್ ಬೇಕಾಗುವಷ್ಟು ಬೆಳಕು. ಮೈನಸ್ 3 ಅಂದರೆ ಅದೇ ಲೆಕ್ಕದಲ್ಲಿ 64 ಸೆಕೆಂಡ್. ಹುಣ್ಣಿಮೆಯ ಬೆಳದಿಂಗಳು ನೆಲದ ಮೇಲೆ ಹೆಚ್ಚುಕಡಿಮೆ ಮೈನಸ್ 2, ಮೈನಸ್ 3ರ ಹತ್ತಿರ ಇರುತ್ತದೆ. ಅಂದರೆ ಒಳ್ಳೆಯ ಮೀಟರ್ ಕೂಡ ಬೆಳದಿಂಗಳಲ್ಲೇ ತನ್ನ ತಳ ಮುಟ್ಟುತ್ತದೆ. ನಕ್ಷತ್ರಗಳ ಬೆಳಕು ಅದಕ್ಕಿಂತ ಎಷ್ಟೋ ಕೆಳಗೆ.

ಇದರಲ್ಲಿ ಸಣ್ಣ ಅಕ್ಷರದ ಷರತ್ತೂ ಒಂದಿದೆ. ಆ ರೇಂಜನ್ನು ಕಂಪನಿಗಳು ಎಫ್ 1.4 ಅಥವಾ ಎಫ್ 2ರಂಥ ಲೆನ್ಸ್ ಹಾಕಿ ಅಳೆದು ಕೊಟ್ಟಿರುತ್ತವೆ. ಎಫ್ 1.4ರಲ್ಲಿ ಅಳೆದದ್ದಾದರೆ, ಎಫ್ 2.8 ಲೆನ್ಸ್‌ನಲ್ಲಿ ಒಳಗೆ ಹೋಗುವ ಬೆಳಕು ಅದರ ಕಾಲು ಭಾಗ. ಮೀಟರಿನ ತಳ ಎರಡು ಇವಿಯಷ್ಟು ಮೊದಲೇ ಬಂದುಬಿಡುತ್ತದೆ.

ಈ ಎರಡು ಥರದ ಎಚ್ಚರಿಕೆಗಳನ್ನು ಬೇರೆ ಮಾಡಿ ಗುರುತಿಸುವುದು ಸುಲಭ. ಐಎಸ್‌ಒವನ್ನು 100ರಿಂದ 1600ಕ್ಕೆ ಏರಿಸಿ ನೋಡಿ. ಮಿನುಗು ನಿಂತರೆ ಅದು ಮೊದಲನೇ ಥರದ್ದು, ಮೀಟರನ್ನು ನಂಬಬಹುದು. ಆಗಲೂ ಮಿನುಗುತ್ತಿದ್ದರೆ, ಅಥವಾ ಕ್ಯಾಮೆರಾ ಅಲುಗದೆ ಇದ್ದರೂ ಅಂಕಿ ಅತ್ತಿತ್ತ ಹಾರುತ್ತಿದ್ದರೆ, ಮೀಟರ್ ಕೈಬಿಟ್ಟಿದೆ ಅಂತ ತಿಳಿಯಿರಿ. ಐಎಸ್‌ಒ ಏರಿಸಿದರೆ ಕ್ಯಾಮೆರಾಗೆ ಸಮಯ ಇಡಲು ಜಾಗ ಸಿಗುತ್ತದೆ, ಮೀಟರಿನ ಕಣ್ಣು ಮಾತ್ರ ಚುರುಕಾಗುವುದಿಲ್ಲ. ಇದು ಗೊತ್ತಿಲ್ಲದೆ ಮೊದಲ ಸಲ ನಾನು ಗಂಟೆಗಟ್ಟಲೆ ಮೀಟರ್ ಹೇಳಿದ್ದನ್ನೇ ಇಡುತ್ತಾ ಕೂತಿದ್ದೆ.

ಆಗ ಮಾಡಬೇಕಾದದ್ದು ಹೀಗೆ. ಮ್ಯಾನ್ಯುಯಲ್‌ಗೆ ಹೋಗಿ. ಆಟೋ ಐಎಸ್‌ಒ ತೆಗೆದುಹಾಕಿ. ಐಎಸ್‌ಒ 6400, ಲೆನ್ಸ್ ಪೂರ್ತಿ ತೆರೆದು, ಕೆಲವು ಸೆಕೆಂಡ್‌ಗಳ ಒಂದು ಪರೀಕ್ಷೆಯ ಚಿತ್ರ ತೆಗೆಯಿರಿ. ಹಿಸ್ಟೋಗ್ರಾಮ್ ನೋಡಿ. ಅದು ಚಿತ್ರದಲ್ಲಿ ಕಪ್ಪು ಎಷ್ಟು, ಬಿಳುಪು ಎಷ್ಟು ಅಂತ ತೋರಿಸುವ ನಕ್ಷೆ, ಎಡಗಡೆ ಕಪ್ಪು. ಅದರ ಗುಡ್ಡೆ ಎಡಗಡೆಯ ಗೋಡೆಗೆ ಒತ್ತಿಕೊಂಡಿದ್ದರೆ ಸಮಯ ಜಾಸ್ತಿ ಮಾಡಿ. ನಮಗೆ ಚಂದ್ರ ಬಂದ ಮೇಲೆ ಎಫ್ 2.8ರಲ್ಲಿ 4 ಸೆಕೆಂಡ್ ಸರಿಹೋಯಿತು. ಅದನ್ನೇ ಐಎಸ್‌ಒ 400ಕ್ಕೆ ಇಳಿಸಿದೆವು. ನಾಲ್ಕು ಸ್ಟಾಪ್ ಕಡಿಮೆ, ಹಾಗಾಗಿ ಸಮಯ ಹದಿನಾರು ಪಟ್ಟು, 64 ಸೆಕೆಂಡ್. 30 ದಾಟಿದ್ದರಿಂದ ಬಲ್ಬ್ ಮೋಡ್ (ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುತ್ತದೆ), ಕೈಯಲ್ಲಿ ರಿಮೋಟ್ ರಿಲೀಸ್. ಬೆಟ್ಟದ ಸಾಲು, ಕೊಳದ ನೀರು, ಎಲ್ಲ ನುಣ್ಣಗೆ ಬಂತು. ಚಂದ್ರ ಬರುವ ಮೊದಲು ನಕ್ಷತ್ರಗಳಿಗೆ ಇಟ್ಟಿದ್ದು ಐಎಸ್‌ಒ 3200, 20 ಸೆಕೆಂಡ್. ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ 24 ಎಂಎಂ ಲೆನ್ಸ್‌ಗೆ, ರೂಢಿಯ ಲೆಕ್ಕದಂತೆ, 500ನ್ನು 24ರಿಂದ ಭಾಗಿಸಿದರೆ ಸುಮಾರು 20. ಅದಕ್ಕಿಂತ ಜಾಸ್ತಿ ಬಿಟ್ಟರೆ ಭೂಮಿ ತಿರುಗುವುದು ಗೆರೆಯಾಗಿ ಕಾಣುತ್ತದೆ.

ಹಿಸ್ಟೋಗ್ರಾಮ್ ನೋಡಿ ಅಂತ ಒತ್ತಿ ಹೇಳುವುದಕ್ಕೆ ಕಾರಣವಿದೆ. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಗ್ಗಿದ ಕಣ್ಣಿಗೆ ಕ್ಯಾಮೆರಾದ ಪರದೆ ದೀಪದ ಹಾಗೆ ಹೊಳೆಯುತ್ತದೆ, ಮಂಕಾದ ಚಿತ್ರವೂ ಬೆಳಗಿದಂತೆ ಕಾಣುತ್ತದೆ. ಮೊದಲ ಸಲ ಪರದೆ ನೋಡಿ ಖುಷಿಪಟ್ಟ ಚಿತ್ರಗಳೆಲ್ಲ ಮನೆಗೆ ಬಂದು ನೋಡಿದರೆ ಮಸಿಯಾಗಿದ್ದವು. ಆ ದುಃಖ ನಿಮಗೆ ಬೇಡ. ಪರದೆಯ ಬೆಳಕು ತಗ್ಗಿಸಿ, ಕೆಂಪು ಬೆಳಕಿನ ಟಾರ್ಚ್ ಇಟ್ಟುಕೊಳ್ಳಿ.

ರಾತ್ರಿ ಹನ್ನೊಂದರ ಹೊತ್ತಿಗೆ ತಂಗಿ ಮತ್ತೆ ಕರೆದಳು. ಶಟರ್ ಒತ್ತಿದರೆ ಕ್ಲಿಕ್ ಆಗುತ್ತಲೇ ಇಲ್ಲ. ಅವಳು ಎಕ್ಸ್‌ಪೋಷರ್ ತೊಂದರೆ ಅಂದುಕೊಂಡಿದ್ದಳು. ನೋಡಿದರೆ ಮಿನುಗುತ್ತಿದ್ದದ್ದು ಫೋಕಸ್‌ನ ಹಸಿರು ಚುಕ್ಕೆ. ಫೋಕಸ್ ಸಿಗದೆ ಕ್ಯಾಮೆರಾ ಶಟರ್ ಬಿಡುತ್ತಿರಲಿಲ್ಲ. ಎಕ್ಸ್‌ಪೋಷರ್ ಎಚ್ಚರಿಕೆ ಸಾಮಾನ್ಯವಾಗಿ ಶಟರನ್ನು ತಡೆಯುವುದಿಲ್ಲ, ಕಪ್ಪು ಚಿತ್ರವನ್ನಾದರೂ ತೆಗೆಯುತ್ತದೆ. ಕ್ಲಿಕ್ ಆಗದಿದ್ದರೆ ಮೊದಲು ಫೋಕಸ್ ನೋಡಿ. ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆಯಲ್ಲಿ, ಒಂದು ದೊಡ್ಡ ನಕ್ಷತ್ರವನ್ನು ಹಿಗ್ಗಿಸಿ, ಕೈಯಿಂದಲೇ ಫೋಕಸ್ ಮಾಡಿ. ತೆಗೆದ ಚಿತ್ರದಲ್ಲಿ ಕಪ್ಪು ಬಿಳುಪಾಗಿ ಮಿನುಗುವ ಜಾಗಗಳು ಇನ್ನೊಂದು ಬೇರೆ ವಿಷಯ. ಅಲ್ಲಿ ಬೆಳಕು ಮಿತಿಮೀರಿದೆ ಅಂತ ಅರ್ಥ. ಚಂದ್ರ ಚೌಕಟ್ಟಿನಲ್ಲಿದ್ದರೆ ಇದು ಬಂದೇ ಬರುತ್ತದೆ. ಅದರ ಮೈಮೇಲೆ ಬೀಳುವುದು ಸೂರ್ಯನ ಬಿಸಿಲೇ ಅಲ್ವಾ! ಚಂದ್ರನ ಕಲೆಗಳು ಬೇಕಾದರೆ ಎಫ್ 11, ಐಎಸ್‌ಒ 100, 1/100 ಸೆಕೆಂಡ್‌ನಿಂದ ಶುರುಮಾಡಿ ಬೇರೆ ಚಿತ್ರ ತೆಗೆಯಿರಿ.

ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಒಯ್ಯುವವರಿಗೆ ಒಂದು ಮಾತು. ಟ್ರೈಪಾಡ್ ಮೇಲಿಟ್ಟು ದೂರ ನಿಂತು ತೆಗೆಯುವಾಗ ವ್ಯೂಫೈಂಡರಿನ ಕಿಂಡಿಯಿಂದ ಹಿಂದಿನ ಬೆಳಕು ಒಳಗೆ ಹೋಗಿ ಮೀಟರನ್ನು ದಾರಿ ತಪ್ಪಿಸುತ್ತದೆ. ನನ್ನ ಟಾರ್ಚ್ ಹಿಂದೆ ಉರಿಯುತ್ತಿದ್ದಾಗ ತೆಗೆದ ಎರಡು ಮುಸ್ಸಂಜೆಯ ಚಿತ್ರಗಳು ಅದಕ್ಕೇ ಕಪ್ಪಾದವು. ಕ್ಯಾಮೆರಾದ ಕೊರಳಪಟ್ಟಿಯ ಜೊತೆ ಬರುವ ರಬ್ಬರ್ ಮುಚ್ಚಳ ಹಾಕಿ, ಇಲ್ಲದಿದ್ದರೆ ಒಂದು ಬಟ್ಟೆ ಹೊದಿಸಿ. ಕನ್ನಡಿ ಇಲ್ಲದ ಮಿರರ್‌ಲೆಸ್‌ನಲ್ಲಿ ಈ ಕಾಟ ಇಲ್ಲ.

ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಅಂಗಿಯ ಒಳಜೇಬಿನಲ್ಲಿಡಿ. ಲೆನ್ಸ್ ಮೇಲೆ ಇಬ್ಬನಿ ಕೂರುತ್ತದೆ, ಆಗಾಗ ಒರೆಸಿ.

ಬೆಳಗಿನ ಜಾವ ಮಂಜು ಕವಿಯಿತು. ಬಿಳಿ ಮಂಜನ್ನು ಮೀಟರ್ ಬೂದು ಮಾಡುತ್ತದೆ, ಪ್ಲಸ್ 1 ಕೊಟ್ಟರೆ ಬಿಳುಪು ವಾಪಸ್ ಬರುತ್ತದೆ. ಮಂಜು ಸರಿದು ಸೂರ್ಯ ಮೇಲೆ ಬಂದಾಗ ನಾನು ಅಪರ್ಚರ್ ಪ್ರಯಾರಿಟಿಗೆ ಬಂದು ಕ್ಯಾಮೆರಾ ಎತ್ತಿದೆ. ಮತ್ತೆ ಮಿನುಗು. ಈ ಸಲ 4000, ಅಂದರೆ 1/4000 ಸೆಕೆಂಡ್. ರಾತ್ರಿಯ ಐಎಸ್‌ಒ 3200, ಎಫ್ 2.8 ಹಾಗೇ ಇತ್ತು, ಶಟರ್ ತನ್ನ ಕೈಲಾದಷ್ಟು ವೇಗಕ್ಕೆ ಹೋಗಿ ನಿಂತಿತ್ತು. ಅದೇ ಎಚ್ಚರಿಕೆ, ಇನ್ನೊಂದು ತುದಿಯಲ್ಲಿ. ಐಎಸ್‌ಒ 100, ಎಫ್ 8 ಮಾಡಿದ ಕೂಡಲೇ ಅಂಕಿ ಇಳಿಯಿತು. ನೀವೂ ಇಳಿಯುವ ಮೊದಲು ಐಎಸ್‌ಒ, ಕಾಂಪೆನ್ಸೇಷನ್, ಫೋಕಸ್ ಸ್ವಿಚ್ ಮೂರನ್ನೂ ಹಗಲಿನ ಜಾಗಕ್ಕೆ ತಂದಿಡಿ. ದಾರಿಯಲ್ಲಿ ಆ ಗುಹೆ ಮತ್ತೆ ಸಿಗುತ್ತದೆ. ಬೆಳಗಿನ ಬಿಸಿಲು ಅದರೊಳಗೆ ಓರೆಯಾಗಿ ಬೀಳುವುದು ಸ್ವಲ್ಪ ಹೊತ್ತು ಮಾತ್ರ.