ಕೂಲಿಯಂತೂ ಬಂತಲ್ಲ

ಮಾವನವರು ಊರಿಂದ ಬಂದಿದ್ದಾರೆ. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ತಮ್ಮ ಇಲಾಖೆ ಕಟ್ಟದ್ದನ್ನು ಮೆಚ್ಚುವ ಜಾಯಮಾನ ಅವರದಲ್ಲ. ಐರ್ಲೆಂಡಿನ ಗಾಲ್ವೆಯ ನಮ್ಮ ಮನೆಗೆ ಬಂದ ನೆಂಟರನ್ನೆಲ್ಲ ಕರೆದೊಯ್ಯುವ ಹಾಗೆ ಅವರನ್ನೂ ಕಳೆದ ಶನಿವಾರ ಮೇಯೊ ಜಿಲ್ಲೆಯ ಕಾಂಗ್ ಹಳ್ಳಿಗೆ ಕರೆದುಕೊಂಡು ಹೋದೆವು.

ಕಾಂಗ್‌ನಲ್ಲಿ ಎತ್ತ ತಿರುಗಿದರೂ 'ದಿ ಕ್ವೈಟ್ ಮ್ಯಾನ್' ಸಿನಿಮಾ. 1951ರ ಬೇಸಿಗೆಯಲ್ಲಿ ನಿರ್ದೇಶಕ ಜಾನ್ ಫೋರ್ಡ್ ಶೂಟಿಂಗ್ ಮುಗಿಸಿ ಹೋದರೂ ಈ ಹಳ್ಳಿ ಇನ್ನೂ ಆ ಬೇಸಿಗೆ ಬಿಟ್ಟು ಹೊರಬಂದಿಲ್ಲ. ಸಿನಿಮಾದಲ್ಲಿ ಪಬ್ ಆಗಿ ಕಾಣಿಸಿದ್ದು ಆಗ ದಿನಸಿ ಅಂಗಡಿ; ಈಗ ಅದು ನಿಜಕ್ಕೂ ಪಬ್. ನಾಯಕ ಜಾನ್ ವೇಯ್ನ್ ನಾಯಕಿಯನ್ನು ಎತ್ತಿಕೊಂಡು ನಿಂತ ಕಂಚಿನ ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಳ್ಳಲು ಸಾಲು. ಮಾವನವರು ಅತ್ತ ತಿರುಗಿಯೂ ನೋಡಲಿಲ್ಲ. ಅವರಿಗೆ ಹಿಡಿಸಿದ್ದು ಹೊಳೆಯ ಮೇಲಿನ ಸನ್ಯಾಸಿಗಳ ಮೀನುಮನೆ. ನೆಲದಲ್ಲಿ ಒಂದು ಕಿಂಡಿ, ಅದರೊಳಗೆ ಬಲೆ. ಮೀನು ಬಿದ್ದರೆ ಮಠದ ಅಡುಗೆಮನೆಯಲ್ಲಿ ಗಂಟೆ ಬಾರಿಸುವಂತೆ ದಾರ ಕಟ್ಟಿದ್ದರಂತೆ. "ಬುದ್ಧಿವಂತರು, ಕೂತಲ್ಲೇ ಊಟ," ಅಂದರು. ಐರ್ಲೆಂಡಿನ ಕೊನೆಯ ಮಹಾರಾಜ ರೋರಿ ಒ'ಕಾನರ್ ಆ ಮಠದಲ್ಲೇ 1198ರಲ್ಲಿ ತೀರಿಕೊಂಡ ಅಂತ ನಾನು ಹೇಳಿದ್ದು ಅವರ ಕಿವಿಗೆ ಬೀಳಲೇ ಇಲ್ಲ.

ಆಮೇಲೆ ಒಣಕಾಲುವೆ, ಮಾಸ್ಕ್ ಮತ್ತು ಕಾರಿಬ್ ಸರೋವರಗಳ ನಡುವೆ ದೋಣಿ ಓಡಿಸಲೆಂದು ತೋಡಿದ್ದು. ಇಕ್ಕೆಲಕ್ಕೂ ಕೆತ್ತಿದ ಸುಣ್ಣಕಲ್ಲಿನ ಗೋಡೆ, ದೋಣಿ ಏರಿಳಿಸಲು ಕಟ್ಟಿದ ಲಾಕ್, ತಳದಲ್ಲಿ ಹುಲ್ಲು. ಮಾವನವರು ಬಗ್ಗಿ ಕಲ್ಲಿನ ಸಂದಿಗೆ ಉಗುರು ತೂರಿಸಿ ನೋಡಿದರು, ಹೋಗಲಿಲ್ಲ. "ಗಾರೆಯವರು ಒಳ್ಳೆಯವರು," ಅಂದರು. ಅವರ ಬಾಯಲ್ಲಿ ಇದು ಪ್ರಶಸ್ತಿ.

ಪಕ್ಕದಲ್ಲೇ ಒಂದು ಟೂರ್ ಗುಂಪು. ಗೈಡ್ ಎರಡೂ ಕೈ ಎತ್ತಿ, "ತೋಡಿದರು, ಕಟ್ಟಿದರು, ನೀರು ಬಿಟ್ಟರು, ನೀರು ಮಾಯ!" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. ಅಲ್ಲೇ ನಾಯಿ ಹಿಡಿದು ನಿಂತಿದ್ದ ಊರಿನ ಮುದುಕರೊಬ್ಬರು ಯಾರ ಮುಖವನ್ನೂ ನೋಡದೆ, "ಕೂಲಿಯಂತೂ ಬಂತಲ್ಲ," ಅಂದರು. ಗೈಡ್‌ಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು.

ವಾರವೆಲ್ಲ ಅದೇ ಮಾತು ತಲೆಯಲ್ಲಿ ಕೊರೆಯುತ್ತಿದೆ. ಹೆಮ್ಮೆಯಿಂದ ಅಂದರೋ, ವ್ಯಂಗ್ಯವಾಗಿಯೋ, ಸುಮ್ಮನೆ ಲೆಕ್ಕ ಒಪ್ಪಿಸಿದರೋ?

ಕಾಲುವೆ ತೋಡಲು ಶುರುವಾಗಿದ್ದು 1848ರಲ್ಲಿ. ಆಲೂಗಡ್ಡೆ ಬೆಳೆ ಕೊಳೆತು ಮೇಯೊ ಹಸಿವಿನಿಂದ ಬರಿದಾಗುತ್ತಿದ್ದ ವರ್ಷಗಳು. ಸುಮ್ಮನೆ ಅನ್ನ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ದುಡಿಸಿಯೇ ಕೊಡಬೇಕು ಅನ್ನುವುದು ಸರ್ಕಾರದ ನಂಬಿಕೆ. ಅದಕ್ಕೂ ಮುಂಚೆ, 1847ರ ಮಾರ್ಚ್ ಹೊತ್ತಿಗೇ, ದೇಶದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಇಂಥ ಬರ ಕಾಮಗಾರಿಗಳಲ್ಲಿದ್ದರು. ಎಲ್ಲಿಗೂ ಮುಟ್ಟದ ರಸ್ತೆಗಳನ್ನೂ ಹಾಕಿಸಿದ್ದರು. ನಿಲ್ಲಲು ತ್ರಾಣವಿಲ್ಲದವರ ಕೈಗೆ ಗುದ್ದಲಿ ಕೊಡುವುದಕ್ಕೆ ಎಂಥ ಎದೆ ಬೇಕು!

ಇನ್ನು ಗೈಡ್‌ನ ಆ ನಗೆಚಾಟಿಕೆ ಪೂರ್ತಿ ನಿಜವೂ ಅಲ್ಲ. ಉತ್ತರದ ಮಾಸ್ಕ್ ಸರೋವರದ ನೀರು ನೆಲದಡಿಯಲ್ಲೇ ಹರಿದು ಬಂದು ಕಾಂಗ್‌ನಲ್ಲಿ ಬುಗ್ಗೆಯಾಗಿ ಮೇಲೇಳುತ್ತದೆ, ಅಲ್ಲಿಂದ ಕಾರಿಬ್ ಸೇರುತ್ತದೆ. ಅಂಥ ತೂತುಬಿದ್ದ ನೆಲದಲ್ಲಿ ನೀರು ಇಂಗುವುದು ಸಹಜವೇ. ಆದರೆ 1854ರಲ್ಲಿ ಕೆಲಸ ನಿಲ್ಲಿಸಿದ್ದು ಅದೊಂದೇ ಕಾರಣಕ್ಕಲ್ಲ. ಖರ್ಚು ಏರಿತ್ತು, 1851ರಲ್ಲೇ ಗಾಲ್ವೆಗೆ ರೈಲು ಬಂದಿತ್ತು, ದೋಣಿದಾರಿ ಯಾರಿಗೆ ಬೇಕಿತ್ತು? ಇತ್ತ ಕಾಲುವೆ ತೋಡುತ್ತಿರುವಾಗಲೇ, 1852ರಲ್ಲಿ, ಬಿಯರ್ ವ್ಯಾಪಾರದ ಗಿನ್ನೆಸ್ ಮನೆತನದವರು ಪಕ್ಕದ ಆಶ್‌ಫರ್ಡ್ ಕೋಟೆ ಕೊಂಡರು. ಅದೀಗ ಪಂಚತಾರಾ ಹೋಟೆಲ್, ನಮ್ಮಂಥವರು ಗೇಟಿನಿಂದಲೇ ನೋಡಿ ಬರುವಂಥದ್ದು.

ಗೈಡ್ ಕೆಟ್ಟವನಲ್ಲ, ನಗಿಸುವುದು ಅವನ ಹೊಟ್ಟೆಪಾಡು. ನನ್ನ ಸಿಟ್ಟು ಆ ನಗುವಿನ ಮೇಲೆ. ಅಲ್ಲಿ ಮೋಸಹೋದವರು ಎಂಜಿನಿಯರುಗಳು ಅಂತ ಎಲ್ಲರೂ ತಿಳಿದಿದ್ದಾರೆ. ತೋಡಿದವರಿಗೆ ಹಡಗು ಬರುತ್ತದೋ ಇಲ್ಲವೋ ಅನ್ನುವ ಯೋಚನೆ ಇದ್ದಿರಲಾರದು, ಸಂಜೆ ಗಂಜಿಗೆ ಕಾಸು ಸಿಕ್ಕರೆ ಸಾಕಿತ್ತು. ಅವರ ಲೆಕ್ಕದಲ್ಲಿ ಕಾಲುವೆ ಸೋತಿಲ್ಲ. ಮುದುಕರು ಹೇಳಿದ್ದು ಇದನ್ನೇ ಇರಬೇಕು, ಅಥವಾ ನನಗೆ ಹಾಗೆ ಕೇಳಬೇಕಾಗಿತ್ತೇನೋ.

ಮಾವನವರನ್ನು ಕೇಳಿದೆ. ಕನ್ನಡಕ ಒರೆಸುತ್ತಾ, "ಅದಿರಲಿ, ಆರು ವರ್ಷ ಅಳತೆಪುಸ್ತಕಕ್ಕೆ ಸಹಿ ಹಾಕಿ ಬಿಲ್ ಪಾಸ್ ಮಾಡಿದ್ದು ಯಾರು? ಅವನ ಹೆಸರು ಎಲ್ಲೂ ಬರೆದಿಲ್ಲವಲ್ಲ," ಅಂದರು.