ಫಜ್ರ್‌ನ ಎರಡು ಸುನ್ನತ್: ತಡವಾದರೆ ಏನು ಮಾಡಬೇಕು?

ಮುಂಬೈಯಲ್ಲಿರುವ ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು ಶಾಫಿಈ ಎಂಬ ಧಾರ್ಮಿಕ ನಿಯಮಪಂಥದವರು. ಹುಬ್ಬಳ್ಳಿ, ವಿಜಯಪುರ ಕಡೆಯವರು ಬಹುತೇಕ ಹನಫಿ ಪಂಥದವರು. ಒಂದೇ ಮಸೀದಿಯಲ್ಲಿ ಒಬ್ಬರ ಕ್ರಮ ಇನ್ನೊಬ್ಬರಿಗೆ ತಪ್ಪಾಗಿ ಕಾಣುವುದು ಫಜ್ರ್‌ನ (ಮುಂಜಾನೆಯ ನಮಾಝ್) ಫರ್ಝ್‌ಗೆ (ಕಡ್ಡಾಯ ಭಾಗ) ಮುಂಚಿನ ಎರಡು ರಕಅತ್ (ನಮಾಝ್‌ನ ಸುತ್ತು) ಸುನ್ನತ್ (ಪ್ರವಾದಿಯ ರೂಢಿಯಂತೆ ಮಾಡುವ ನಮಾಝ್) ವಿಷಯದಲ್ಲಿ.

ಇವು ಕಡ್ಡಾಯವಲ್ಲ. ಆದರೂ ಪ್ರವಾದಿ(ಸ) ಪ್ರಯಾಣದಲ್ಲೂ ಇವನ್ನು ಬಿಟ್ಟವರಲ್ಲ. ಇಹಲೋಕ ಮತ್ತು ಅದರಲ್ಲಿರುವ ಎಲ್ಲಕ್ಕಿಂತ ಇವು ಶ್ರೇಷ್ಠ ಎಂಬ ಹದೀಸ್ (ಪ್ರವಾದಿಯ ಮಾತು) ಅವರ ಪತ್ನಿ ಆಯಿಶಾ(ರ) ಅವರಿಂದ ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದಲ್ಲಿ ವರದಿಯಾಗಿದೆ.

ಸಮಯ ಶುರುವಾಗುವುದು ಸುಬ್‌ಹ್ ಸಾದಿಕ್‌ನಿಂದ, ಅಂದರೆ ಪೂರ್ವದಲ್ಲಿ ಬೆಳಕು ಅಡ್ಡಲಾಗಿ ಹರಡಿದಾಗ. ಅದಕ್ಕೂ ಮುಂಚೆ ಕಂಬದಂತೆ ಮೇಲೇಳುವ ಬೆಳಕು ಲೆಕ್ಕಕ್ಕಿಲ್ಲ. ನಗರದ ದೀಪಗಳ ನಡುವೆ ಎರಡೂ ಕಾಣುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಅಝಾನ್ ಮನೆಗೆ ಕೇಳಿಸುವುದೂ ಕಷ್ಟ. ಹಾಗಾಗಿ ಮಸೀದಿಯ ಸಮಯಪಟ್ಟಿಯೇ ಗತಿ: ಮುಂಬೈಯಲ್ಲಿ ಜೂನ್‌ನಲ್ಲಿ ಸುಮಾರು 4.40, ಜನವರಿಯಲ್ಲಿ 6ಕ್ಕೆ ತುಸು ಮುಂಚೆ. ತಹಜ್ಜುದ್ (ರಾತ್ರಿಯ ಐಚ್ಛಿಕ ನಮಾಝ್) ಮುಗಿಸಿದವರು ಅದೇ ಭರದಲ್ಲಿ ಸಮಯಕ್ಕೆ ಮೊದಲೇ ಸುನ್ನತ್ ಮಾಡಿಬಿಡುತ್ತಾರೆ. ಅದು ಬರೀ ನಫಿಲ್ (ಸಾಮಾನ್ಯ ಐಚ್ಛಿಕ ನಮಾಝ್) ಆಗುತ್ತದೆ. ಸುನ್ನತನ್ನು ಮತ್ತೆ ಮಾಡಬೇಕು.

ಮನೆಯಲ್ಲೇ ಮಾಡಿ ಹೊರಡುವುದು ಉತ್ತಮ. ಮೊದಲ ರಕಅತ್‌ನಲ್ಲಿ ಫಾತಿಹಾದ (ಕುರ್‌ಆನ್‌ನ ಮೊದಲ ಸೂರಾ, ಅಂದರೆ ಅಧ್ಯಾಯ) ನಂತರ ಅಲ್ ಕಾಫಿರೂನ್ ಸೂರಾ, ಎರಡನೆಯದರಲ್ಲಿ ಅಲ್ ಇಖ್ಲಾಸ್. ಇಲ್ಲಿ ದೀರ್ಘ ಸೂರಾ ಓದುವುದು ಭಕ್ತಿಯ ಲಕ್ಷಣವೆಂದು ಹಲವರು ತಿಳಿದಿದ್ದಾರೆ. ಆದರೆ ಪ್ರವಾದಿ(ಸ) ಎಷ್ಟು ಚುಟುಕಾಗಿ ಮುಗಿಸುತ್ತಿದ್ದರೆಂದರೆ, ಫಾತಿಹಾ ಓದಿದರೋ ಇಲ್ಲವೋ ಎಂದು ಆಯಿಶಾ(ರ) ಅವರಿಗೇ ಅನಿಸುತ್ತಿತ್ತು. ಚುಟುಕು ಎಂದರೆ ಅವಸರವಲ್ಲ: ರುಕೂಅ್ (ಬಾಗುವುದು), ಸುಜೂದ್‌ಗಳಲ್ಲಿ (ಹಣೆ ನೆಲಕ್ಕಿಡುವುದು) ದೇಹ ಸ್ಥಿರವಾಗಿ ನಿಲ್ಲಲೇಬೇಕು.

ಇಕಾಮತ್ (ಫರ್ಝ್ ಶುರುವಾಗುವ ಕರೆ) ಆದ ಮೇಲೆ ಮಸೀದಿ ತಲುಪಿದರೆ? ಶಾಫಿಈಗಳು ಸುನ್ನತ್ ಶುರುಮಾಡದೆ ನೇರವಾಗಿ ಜಮಾಅತ್ (ಸಾಮೂಹಿಕ ನಮಾಝ್) ಸೇರಬೇಕು. ಈ ಸುನ್ನತ್‌ನ ಸಮಯ ಅವರಲ್ಲಿ ಸೂರ್ಯೋದಯದ ತನಕ ಇರುವುದರಿಂದ ಫರ್ಝ್ ಮುಗಿದ ಕೂಡಲೇ ಎದ್ದು ಮಾಡಬಹುದು. ಹನಫಿಗಳು ಎರಡನೇ ರಕಅತ್‌ನ ರುಕೂಅ್ ಒಳಗೆ ಇಮಾಮರನ್ನು ಸೇರಬಹುದೆಂಬ ಭರವಸೆಯಿದ್ದರೆ ಮೊದಲು ಸುನ್ನತ್ ಮುಗಿಸುತ್ತಾರೆ, ಆದರೆ ವರಾಂಡದಲ್ಲೋ ಕಂಬದ ಹಿಂದೆಯೋ. ಸಫ್‌ಗೆ (ನಮಾಝ್‌ನ ಸಾಲಿಗೆ) ಅಂಟಿಕೊಂಡು ಮಾಡುವುದು ಅವರಲ್ಲೂ ಮಕ್ರೂಹ್, ಅಂದರೆ ಅನಪೇಕ್ಷಿತ. ಭಿಂಡಿ ಬಜಾರ್, ಡೋಂಗ್ರಿಯಂಥ ಕಡೆ ಮಸೀದಿ ಇಕ್ಕಟ್ಟಾಗಿದ್ದು ಬೇರೆ ಜಾಗವೇ ಇಲ್ಲದಿದ್ದರೆ ಸುನ್ನತ್ ಬಿಟ್ಟು ಜಮಾಅತ್ ಸೇರುವುದೇ ಸರಿ.

ಬಿಟ್ಟ ಸುನ್ನತನ್ನು ಹನಫಿಗಳು ಫರ್ಝ್ ಆದ ತಕ್ಷಣ ಮಾಡುವಂತಿಲ್ಲ. ಸೂರ್ಯ ಹುಟ್ಟಿ ಸುಮಾರು 20 ನಿಮಿಷ ಕಳೆದ ಮೇಲೆ, ಝವಾಲ್‌ಗೆ (ನಡುಹಗಲಲ್ಲಿ ಸೂರ್ಯ ನೆತ್ತಿಯಿಂದ ಇಳಿಯುವ ಹೊತ್ತು) ಮೊದಲು ಮಾಡುವುದು ಹನಫಿ ವಿದ್ವಾಂಸ ಇಮಾಮ್ ಮುಹಮ್ಮದ್ ಅವರ ಪ್ರಕಾರ ಒಳ್ಳೆಯದು. ನಿದ್ದೆಯಲ್ಲಿ ಫರ್ಝ್ ಕೂಡ ತಪ್ಪಿದ್ದರೆ ಝವಾಲ್‌ಗೆ ಮೊದಲು ಎರಡನ್ನೂ ಕಝಾ ಮಾಡಬೇಕು (ತಪ್ಪಿದ್ದನ್ನು ನಂತರ ಪೂರೈಸಬೇಕು), ಸುನ್ನತ್ ಮೊದಲು, ಫರ್ಝ್ ಆಮೇಲೆ. ಝವಾಲ್ ದಾಟಿದರೆ ಹನಫಿಗಳಲ್ಲಿ ಫರ್ಝ್‌ಗೆ ಮಾತ್ರ ಕಝಾ ಇದೆ.